ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದ ಹಿರಿಯರೊಬ್ಬರು ಮತ್ತೆ ಏಳಲಾಗದೆ ಹಾಸಿಗೆ ಹಿಡಿಯುವುದು ಪ್ರತಿಯೊಂದು ಗ್ರಾಮಕ್ಕೂ ಪರಿಚಿತವಾದ ಸಂಗತಿ. "ಸೊಂಟ ಮುರಿದಿದೆ, ವಯಸ್ಸೂ ಆಗಿದೆ, ಇನ್ನು ಇದ್ದಷ್ಟು ದಿನ" ಎಂಬ ಮಾತು ಮೊದಲು ಮನೆಯವರಿಂದಲೂ ಅನಂತರ ನೆರೆಹೊರೆಯವರಿಂದಲೂ ಕೇಳಿಬರುತ್ತದೆ. ಕೆಲವು ತಿಂಗಳುಗಳಲ್ಲಿ ಆ ಹಿರಿಯರು ತೀರಿಕೊಂಡಾಗ ವಯಸ್ಸೇ ಕಾರಣವೆಂದು ಎಲ್ಲರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಇಂತಹ ಅನೇಕ ಸಾವುಗಳಿಗೆ ಕಾರಣ ಮುರಿದ ಮೂಳೆಯೂ ಅಲ್ಲ, ಕೇವಲ ವಯಸ್ಸೂ ಅಲ್ಲ; ತಿಂಗಳುಗಟ್ಟಲೆ ಮಲಗಿದ್ದರಿಂದ ಬರುವ ಶ್ವಾಸಕೋಶದ ಸೋಂಕು, ಬೆನ್ನುಹುಣ್ಣು, ಮೂತ್ರದ ಸೋಂಕು ಹಾಗೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ. ಇವುಗಳಲ್ಲಿ ಬಹಳಷ್ಟನ್ನು ತಡೆಯಲು ಸಾಧ್ಯವಿದೆ.

ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯು ಆಸ್ಪತ್ರೆಯಲ್ಲಿ ಒಂದೆರಡು ಗಂಟೆಗಳಲ್ಲಿ ಮುಗಿಯುವ ಕೆಲಸ. ಆದರೆ ಚೇತರಿಕೆಯು ಮನೆಯಲ್ಲಿ, ಸುಮಾರು ಮೂರು ತಿಂಗಳ ಕಾಲ ನಡೆಯುತ್ತದೆ. ಮೊದಲನೆಯದು ವೈದ್ಯರ ಹೊಣೆ. ಎರಡನೆಯದು ಮನೆಯ ಹೊಸ್ತಿಲು, ಶೌಚಾಲಯದ ಬಾಗಿಲು, ಬೀದಿಯ ಚರಂಡಿಯ ಮೇಲಿನ ಚಪ್ಪಡಿ ಇವುಗಳನ್ನು ಅವಲಂಬಿಸಿದೆ. ಆದುದರಿಂದ ಈ ವಿಷಯವು ಗ್ರಾಮ ಪಂಚಾಯತಿಯ ಕಾರ್ಯವ್ಯಾಪ್ತಿಗೆ ಹೊರತಾದುದಲ್ಲ.

ಕೀಲಿನ ರಚನೆ ಮತ್ತು ಅದು ಹೊರುವ ಭಾರ

ರುಬ್ಬುವ ಒರಳು ಮತ್ತು ಅದರ ಗುಂಡನ್ನು ನೆನಪಿಸಿಕೊಂಡರೆ ಸೊಂಟದ ಕೀಲಿನ ರಚನೆ ಸುಲಭವಾಗಿ ಅರ್ಥವಾಗುತ್ತದೆ. ತೊಡೆಮೂಳೆಯ ಮೇಲ್ತುದಿ ಗುಂಡಿನಂತಿದ್ದು, ಸೊಂಟದ ಎಲುಬಿನಲ್ಲಿರುವ ಬಟ್ಟಲಿನಂತಹ ಕುಳಿಯಲ್ಲಿ ಕುಳಿತು ಎಲ್ಲ ದಿಕ್ಕುಗಳಿಗೂ ತಿರುಗುತ್ತದೆ. ಗುಂಡಿನ ಮೇಲೂ ಬಟ್ಟಲಿನ ಒಳಗೂ ಮೃದ್ವಸ್ಥಿ ಎಂಬ ನುಣುಪಾದ ಪದರವಿರುತ್ತದೆ. ಗುಂಡಿಗೂ ತೊಡೆಮೂಳೆಯ ಉದ್ದ ಭಾಗಕ್ಕೂ ನಡುವೆ ಓರೆಯಾಗಿರುವ ಕಿರಿದಾದ ಭಾಗವೇ ಮೂಳೆಯ ಕತ್ತು.

ಒಂದೇ ಕಾಲಿನ ಮೇಲೆ ನಿಂತಾಗ ಆ ಕೀಲಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. ಇದಕ್ಕೆ ಕಾರಣ ಸರಳವಾದ ಸನ್ನೆಯ ತತ್ತ್ವ. ದೇಹದ ತೂಕವು ಕೀಲಿನಿಂದ ದೂರದಲ್ಲಿ ಕೆಳಕ್ಕೆ ಜಗ್ಗುತ್ತದೆ. ಅದನ್ನು ಸರಿದೂಗಿಸುವ ಸ್ನಾಯು ಕೀಲಿಗೆ ಹತ್ತಿರದಲ್ಲಿದೆ. ಗಿಡ್ಡ ತೋಳಿನ ಕಡೆಯಿಂದ ಜಗ್ಗಿ ತಕ್ಕಡಿಯನ್ನು ಸಮ ಮಾಡಬೇಕಾದರೆ ಹೆಚ್ಚಿನ ಬಲ ಬೇಕು. ಈ ಎರಡೂ ಬಲಗಳನ್ನು ಕೀಲು ಹೊರುತ್ತದೆ. 60 ಕೆ.ಜಿ. ತೂಕದ ವ್ಯಕ್ತಿಯು ನಡೆಯುವಾಗ ಪ್ರತಿ ಹೆಜ್ಜೆಗೂ ಕೀಲಿನ ಮೇಲೆ 150 ಕೆ.ಜಿ.ಗೂ ಮೀರಿದ ಭಾರ ಬೀಳುವುದು ಹೀಗೆ. ನೋವಿರುವ ಕಾಲಿನ ಎದುರು ಕೈಯಲ್ಲಿ ಊರುಗೋಲು ಹಿಡಿಯಬೇಕೆಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಎದುರು ಕೈಯ ಕೋಲು ಕೀಲಿನಿಂದ ದೂರದಲ್ಲಿ ನೆಲವನ್ನು ಒತ್ತುವುದರಿಂದ, ಸ್ವಲ್ಪ ಒತ್ತಿದರೂ ಕೀಲಿನ ಭಾರ ಬಹಳಷ್ಟು ಇಳಿಯುತ್ತದೆ.

ಕೀಲು ಕೆಡುವ ಬಗೆಗಳು

ಕೀಲು ಬದಲಾಯಿಸಬೇಕಾದ ಸಂದರ್ಭಗಳು ಮುಖ್ಯವಾಗಿ ಎರಡು. ಒಂದು, ವರ್ಷಗಳ ಕಾಲ ನಿಧಾನವಾಗಿ ಕೆಡುವುದು; ಇನ್ನೊಂದು, ಬಿದ್ದು ಒಮ್ಮೆಲೇ ಮುರಿಯುವುದು.

ನಿಧಾನವಾಗಿ ಕೆಡುವುದಕ್ಕೆ ಮೃದ್ವಸ್ಥಿಯ ಸವೆತ, ಸಂಧಿವಾತ, ಹಾಗೂ ರಕ್ತಪೂರೈಕೆ ನಿಂತು ಗುಂಡಿನ ಮೂಳೆ ಸಾಯುವ ಕಾಯಿಲೆ ಕಾರಣಗಳು. ಕೊನೆಯದನ್ನು ವೈದ್ಯರ ಚೀಟಿಯಲ್ಲಿ 'ಎ.ವಿ.ಎನ್.' ಎಂದು ಬರೆದಿರುತ್ತಾರೆ. ಅತಿಯಾದ ಮದ್ಯಪಾನ ಮತ್ತು ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಔಷಧಗಳು ಅದರ ಮುಖ್ಯ ಕಾರಣಗಳಲ್ಲಿ ಸೇರಿವೆ. ಅದು ಮೂವತ್ತು ನಲವತ್ತರ ವಯಸ್ಸಿನವರನ್ನೂ ಬಿಡುವುದಿಲ್ಲ. ನಮ್ಮ ರಾಜ್ಯದ ಮಲೆನಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯಲ್ಪಡುವ ವಂಶವಾಹಿ ಕಾಯಿಲೆಯು 1970ರ ದಶಕದಲ್ಲಿ ಬೆಳಕಿಗೆ ಬಂದಿತು. ಅದರಲ್ಲಿಯೂ ಹೆಚ್ಚಾಗಿ ಹಾನಿಗೊಳಗಾಗುವುದು ಸೊಂಟದ ಕೀಲೇ.

ಇಂತಹ ರೋಗಿಗಳಲ್ಲಿ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಮಂಡಿಯಲ್ಲಿ ಮಾತ್ರ ನೋಯುತ್ತದೆ. ಜನರು 'ಸೊಂಟ ನೋವು' ಎನ್ನುವುದು ಬಹುಮಟ್ಟಿಗೆ ಬೆನ್ನಿನ ಕೆಳಭಾಗದ ನೋವೇ ಆಗಿದ್ದು, ಅದು ಬೇರೆಯೇ ಸಮಸ್ಯೆ. ಕೀಲು ಸವೆದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಅಗತ್ಯವಿಲ್ಲ. ವ್ಯಾಯಾಮ, ತೂಕ ಇಳಿಕೆ, ಊರುಗೋಲು, ನೋವಿನ ಔಷಧ ಇವುಗಳಿಂದ ಪರಿಹಾರ ಕಾಣದೆ, ರಾತ್ರಿ ನಿದ್ರೆಯೂ ಹಗಲಿನ ಓಡಾಟವೂ ಕಷ್ಟವಾದಾಗ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಇಲ್ಲಿ ಯೋಚಿಸಲು, ಹಣ ಹೊಂದಿಸಲು, ಮನೆ ಸಿದ್ಧಪಡಿಸಲು ಸಮಯವಿರುತ್ತದೆ.

ಎರಡನೆಯ ಸಂದರ್ಭದಲ್ಲಿ ಆ ಸಮಯವಿರುವುದಿಲ್ಲ. ವಯಸ್ಸಾದಂತೆ, ವಿಶೇಷವಾಗಿ ಮುಟ್ಟು ನಿಂತ ಮಹಿಳೆಯರಲ್ಲಿ, ಮೂಳೆ ಟೊಳ್ಳಾಗುತ್ತದೆ; ನಿಂತಲ್ಲಿಂದ ಬಿದ್ದರೂ ಸಾಕು, ಮುರಿಯುತ್ತದೆ. ಮೂಳೆಯ ಕತ್ತು ಮುರಿದು ತುಂಡುಗಳು ಸರಿದಾಗ ಗುಂಡಿಗೆ ರಕ್ತ ಒಯ್ಯುವ ನಾಳಗಳು ಹರಿಯುವುದರಿಂದ, ಹಿರಿಯರಲ್ಲಿ ಅದನ್ನು ಕೂಡಿಸುವ ಬದಲು ಗುಂಡನ್ನೇ ಬದಲಾಯಿಸುತ್ತಾರೆ. ಕತ್ತಿಗಿಂತ ಕೆಳಗೆ ಮುರಿದಿದ್ದರೆ ಸಾಮಾನ್ಯವಾಗಿ ಸರಳು ಅಥವಾ ಪ್ಲೇಟು ಹಾಕಿ ಕೂಡಿಸುತ್ತಾರೆ. ಯಾವುದು ಸರಿ ಎಂಬುದು ಎಕ್ಸ್‌ರೇ ನೋಡಿದ ಮೂಳೆತಜ್ಞರ ತೀರ್ಮಾನ.

ಬಿದ್ದವರ ವಿಷಯದಲ್ಲಿ ಮೊದಲ ಎರಡು ದಿನ

ಬಿದ್ದ ಹಿರಿಯರ ಒಂದು ಕಾಲು ಗಿಡ್ಡವಾದಂತೆ ಕಂಡು, ಪಾದವು ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಬಳಿ ಮುರಿದಿದೆಯೆಂದು ಭಾವಿಸಿಯೇ ನಡೆದುಕೊಳ್ಳಬೇಕು. ಕೆಲವೊಮ್ಮೆ ಮುರಿದ ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡು, ರೋಗಿಯು ಕುಂಟುತ್ತ ನಡೆಯುವುದೂ ಉಂಟು. ಆದುದರಿಂದ ಎದ್ದು ನಡೆದರೆಂಬ ಕಾರಣಕ್ಕೆ ಮುರಿದಿಲ್ಲವೆಂದು ತಿಳಿಯಬಾರದು. ತೊಡೆಸಂದಿನ ನೋವು ಉಳಿದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

ಅಂತಹವರನ್ನು ನಿಲ್ಲಿಸಲು ಯತ್ನಿಸಬಾರದು; ಎಣ್ಣೆ ಹಚ್ಚಿ ತಿಕ್ಕಬಾರದು; ಕಾಲನ್ನು ಎಳೆಯಬಾರದು. ಹಲಗೆ ಅಥವಾ ಗಟ್ಟಿಯಾದ ಮಂಚದ ಮೇಲೆ ಮಲಗಿಸಿ, ಎರಡು ಕಾಲುಗಳ ನಡುವೆ ದಿಂಬಿಟ್ಟು, 108 ಆಂಬ್ಯುಲೆನ್ಸ್ ಕರೆಸಬೇಕು. ನಾಟಿ ಕಟ್ಟಿನ ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳುವುದು ಅಗತ್ಯ. ಮುಂಗೈ ಮೂಳೆಗೆ ಹೊರಗಿನಿಂದ ಬಿದಿರು ಪಟ್ಟಿ ಕಟ್ಟಿ ಅದನ್ನು ಅಲುಗಾಡದಂತೆ ಇಡಬಹುದು. ಸೊಂಟದ ಕೀಲು ದಪ್ಪ ಸ್ನಾಯುಗಳ ಒಳಗೆ ಆಳದಲ್ಲಿದೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದಿಡಲಾರದು. ಕಟ್ಟು ಕಟ್ಟಿಸಿ ಮೂರು ವಾರ ಕಾಯುವುದೆಂದರೆ ರೋಗಿಯನ್ನು ಮೂರು ವಾರ ಹಾಸಿಗೆಗೆ ಕಟ್ಟಿಹಾಕಿದಂತೆ.

ರೋಗಿಯ ದೇಹಸ್ಥಿತಿ ಅನುಮತಿಸಿದರೆ ಇಂತಹ ಶಸ್ತ್ರಚಿಕಿತ್ಸೆಯನ್ನು ಎರಡು ದಿನಗಳೊಳಗೆ ಮಾಡಬೇಕೆಂಬುದು ಇಂದಿನ ವೈದ್ಯಕೀಯ ಅಭಿಮತ. ಸೊಂಟ ಮುರಿದ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ಅಥವಾ ಅದಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂಬುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಚಿಕಿತ್ಸೆ ದೊರೆತರೂ ಅಪಾಯ ಇಷ್ಟಿರುವಾಗ, ವಿಳಂಬವು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. "ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಳ್ಳುತ್ತಾರೆಯೇ?" ಎಂದು ಕೇಳುವ ಮನೆಯವರು, "ಈ ವಯಸ್ಸಿನಲ್ಲಿ ಹಾಸಿಗೆಯನ್ನು ತಡೆದುಕೊಳ್ಳುತ್ತಾರೆಯೇ?" ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅಸಾಧ್ಯವಲ್ಲ. ಬಹಳಷ್ಟು ಬಾರಿ ಸೊಂಟದಿಂದ ಕೆಳಗೆ ಮಾತ್ರ ಅರಿವಳಿಕೆ ನೀಡಿ ಅದನ್ನು ನೆರವೇರಿಸುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದೇನು

ಪೂರ್ಣ ಬದಲಾವಣೆಯಲ್ಲಿ ಕೆಟ್ಟ ಗುಂಡನ್ನು ಕತ್ತರಿಸಿ ತೆಗೆದು, ತೊಡೆಮೂಳೆಯ ಒಳಗಿನ ಪೊಳ್ಳಿನಲ್ಲಿ ಲೋಹದ ಕಾಂಡವೊಂದನ್ನು ಕೂರಿಸಿ, ಅದರ ತುದಿಗೆ ಲೋಹ ಅಥವಾ ಸೆರಾಮಿಕ್ ಗುಂಡನ್ನು ಜೋಡಿಸುತ್ತಾರೆ. ಬಟ್ಟಲಿನ ಜಾಗದಲ್ಲಿ ಹೊಸ ಬಟ್ಟಲನ್ನು ಕೂರಿಸುತ್ತಾರೆ. ಅದರ ಒಳಮೈ ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಮೂಳೆ ಮುರಿದ, ಓಡಾಟ ಕಡಿಮೆಯಿರುವ ಹಿರಿಯರಲ್ಲಿ ಬಟ್ಟಲನ್ನು ಹಾಗೆಯೇ ಉಳಿಸಿ ಗುಂಡನ್ನು ಮಾತ್ರ ಬದಲಾಯಿಸುವುದೂ ಉಂಟು. ಇದು ಅರ್ಧ ಬದಲಾವಣೆ. ಕೆಲವರಲ್ಲಿ ಮೂಳೆ ಸಿಮೆಂಟ್ ಎಂಬ ಅಂಟಿನಿಂದ ಕೂರಿಸುತ್ತಾರೆ. ಇನ್ನು ಕೆಲವರಲ್ಲಿ ಲೋಹದ ಒರಟು ಮೈಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತದೆ.

ಇಂದಿನ ರೂಪದ ಕೀಲಿಗೆ ತಳಹದಿ ಹಾಕಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ. ಅವರು ಮೊದಲು ಟೆಫ್ಲಾನ್ ಬಟ್ಟಲುಗಳನ್ನು ಬಳಸಿದರು. ಅವು ಕೆಲವೇ ವರ್ಷಗಳಲ್ಲಿ ಸವೆದುಹೋದವು. ಅನಂತರ ಜವಳಿ ಗಿರಣಿಗಳ ಮಗ್ಗದ ಹಲ್ಲುಚಕ್ರಗಳಿಗೆ ಬಳಕೆಯಾಗುತ್ತಿದ್ದ ಪಾಲಿಎಥಿಲೀನನ್ನು ಪರೀಕ್ಷಿಸಿ, 1962ರ ನವೆಂಬರ್‌ನಲ್ಲಿ ಅದರ ಬಟ್ಟಲನ್ನು ಮೊದಲ ಬಾರಿಗೆ ಅಳವಡಿಸಿದರು. ಆ ವಸ್ತುವಿನ ಸುಧಾರಿತ ರೂಪವೇ ಇಂದಿಗೂ ಬಳಕೆಯಲ್ಲಿದೆ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್ ದೇಶಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, 100 ಪೂರ್ಣ ಬದಲಿ ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಎಪ್ಪತ್ತು ದಾಟಿದ ಬಹುತೇಕರಿಗೆ ಒಮ್ಮೆ ಹಾಕಿದ ಕೀಲು ಜೀವಮಾನವಿಡೀ ಸಾಕು.

ಅಳವಡಿಸಿದ ಕೀಲಿನ ತಯಾರಿಕಾ ಸಂಖ್ಯೆಯಿರುವ ಲೇಬಲನ್ನು ಬಿಡುಗಡೆ ಪತ್ರದೊಂದಿಗೆ ಕೇಳಿ ಪಡೆದು ಜೋಪಾನವಾಗಿ ಇಡಬೇಕು. 2010ರಲ್ಲಿ ಲೋಹಕ್ಕೆ ಲೋಹ ಉಜ್ಜುವ ಒಂದು ಬಗೆಯ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಬೇಕಾಯಿತು. ತಮಗೆ ಹಾಕಿರುವುದು ಯಾವುದೆಂದು ತಿಳಿಯಲು ರೋಗಿಗೆ ಆ ಲೇಬಲೇ ಆಧಾರ.

ಚೇತರಿಕೆಯ ಮೂರು ತಿಂಗಳು

ಶಸ್ತ್ರಚಿಕಿತ್ಸೆಯಾದ ಮರುದಿನವೇ, ಸಾಧ್ಯವಾದರೆ ಅದೇ ದಿನ, ರೋಗಿಯನ್ನು ಎಬ್ಬಿಸಿ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಇದನ್ನು ಕಂಡು ಬಂಧುಗಳು ಗಾಬರಿಯಾಗುವುದು ಸಹಜ. ಆದರೆ ಹಾಸಿಗೆಯ ಅಪಾಯಗಳಿಂದ ರೋಗಿಯನ್ನು ಪಾರುಮಾಡುವುದು ಈ ಬೇಗನೆ ಏಳುವಿಕೆಯೇ. ಮಲಗಿದ್ದಾಗಲೂ ಪಾದಗಳನ್ನು ಗಂಟೆಗೆ ಹಲವು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಇದರಿಂದ ಕಾಲಿನ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧವನ್ನು ವೈದ್ಯರು ಹೇಳಿದ ದಿನದವರೆಗೆ ತಪ್ಪದೆ ಕೊಡಬೇಕು.

ಹೊಲಿಗೆಗಳನ್ನು ಸುಮಾರು ಎರಡು ವಾರಗಳಿಗೆ ತೆಗೆಯುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ವಾಕರ್, ಅನಂತರ ಎದುರು ಕೈಯಲ್ಲಿ ಊರುಗೋಲು, ಮೂರು ತಿಂಗಳ ವೇಳೆಗೆ ಬಹುತೇಕ ಸ್ವತಂತ್ರ ನಡಿಗೆ ಎಂಬುದು ಚೇತರಿಕೆಯ ಕ್ರಮ. ವಯಸ್ಸು ಮತ್ತು ಮೊದಲಿನ ಶಕ್ತಿಗೆ ಅನುಗುಣವಾಗಿ ಇದು ಹಿಂದುಮುಂದಾಗಬಹುದು.

ಈ ಅವಧಿಯಲ್ಲಿ ಹೊಸ ಗುಂಡು ಬಟ್ಟಲಿನಿಂದ ಜಾರಿ ಹೊರಬರುವ ಸಾಧ್ಯತೆ ಇರುತ್ತದೆ. ಆದುದರಿಂದ ವೈದ್ಯರು ಬೇರೆ ರೀತಿ ಹೇಳದ ಹೊರತು ಮುಂದಿನ ನಿಯಮಗಳನ್ನು ಪಾಲಿಸಬೇಕು:

1. ತೊಡೆಯು ಹೊಟ್ಟೆಯ ಕಡೆಗೆ 90 ಡಿಗ್ರಿಗಿಂತ ಹೆಚ್ಚು ಮಡಿಯಬಾರದು. ಕುಕ್ಕರುಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ತಗ್ಗಾದ ಮಣೆ ಅಥವಾ ಮಂಚದ ಮೇಲೆ ಕೂರುವುದು ನಿಷಿದ್ಧ.
2. ಕಾಲ ಮೇಲೆ ಕಾಲು ಹಾಕಬಾರದು. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬಿರಬೇಕು.
3. ಬಗ್ಗಿ ನೆಲದ ಮೇಲಿನ ವಸ್ತು ಎತ್ತಬಾರದು. ನಿಂತಲ್ಲಿಯೇ ಪಾದ ಊರಿ ಮೈಯನ್ನು ಮಾತ್ರ ತಿರುಗಿಸಬಾರದು.
4. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು.

ಗಾಯದಿಂದ ಕೀವು ಅಥವಾ ನೀರು ಸೋರುವುದು, ಜ್ವರ, ಮೀನಖಂಡದಲ್ಲಿ ಊತ ಮತ್ತು ನೋವು, ಒಮ್ಮೆಲೇ ಕಾಲು ಗಿಡ್ಡವಾಗಿ ಹೆಜ್ಜೆ ಊರಲಾಗದಿರುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ತೊಂದರೆ ಅಥವಾ ಎದೆನೋವು ಕಾಣಿಸಿದರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಒಮ್ಮೆ ಮುರಿದವರಿಗೆ ಇನ್ನೊಂದು ಬದಿಯೂ ಮುರಿಯುವ ಅಪಾಯ ಹೆಚ್ಚು. ಟೊಳ್ಳುಮೂಳೆಗೆ ಚಿಕಿತ್ಸೆ, ವಿಟಮಿನ್ 'ಡಿ', ಕಣ್ಣಿನ ಪರೀಕ್ಷೆ ಇವುಗಳ ಬಗ್ಗೆ ಬಿಡುಗಡೆಗೆ ಮುನ್ನವೇ ವೈದ್ಯರನ್ನು ಕೇಳಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಮುದ್ದೆ, ಅಂಬಲಿ, ಹಾಲು, ಸೊಪ್ಪು, ಕಾಳು ಹಿರಿಯರ ತಟ್ಟೆಯಿಂದ ಮರೆಯಾಗಬಾರದು.

ಮನೆಯಲ್ಲಿ ಆಗಬೇಕಾದ ಮಾರ್ಪಾಡುಗಳು

ಗ್ರಾಮೀಣ ಶೌಚಾಲಯಗಳಲ್ಲಿ ಹೆಚ್ಚಿನವು ಕುಕ್ಕರುಗಾಲಿನಲ್ಲಿ ಕೂರುವ ಮಾದರಿಯವು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ಮನೆಗೆ ಬಂದವರು ಮೊದಲ ಬೆಳಿಗ್ಗೆಯೇ ನಿಷಿದ್ಧ ಭಂಗಿಯಲ್ಲಿ ಕೂರಬೇಕಾದ ಸ್ಥಿತಿ ಇದರಿಂದ ಉಂಟಾಗುತ್ತದೆ. ಅದಕ್ಕೆ ಹೆದರಿ ನೀರು, ಊಟ ಕಡಿಮೆ ಮಾಡುವ ಹಿರಿಯರೂ ಇದ್ದಾರೆ. ಪರಿಹಾರ ದೊಡ್ಡದಲ್ಲ. ನಡುವೆ ರಂಧ್ರವಿರುವ ಕಮೋಡ್ ಕುರ್ಚಿಯನ್ನು ಈಗಿರುವ ಶೌಚಗುಂಡಿಯ ಮೇಲೆಯೇ ಇಡಬಹುದು. ಆಸನದ ಎತ್ತರ 45 ಸೆಂ.ಮೀ.ಗಿಂತ ಕಡಿಮೆಯಿರಬಾರದು. ವಾಕರ್‌ನ ಅಗಲ ಸುಮಾರು 60 ಸೆಂ.ಮೀ. ಇರುವುದರಿಂದ, ಬಾಗಿಲು ಅದಕ್ಕಿಂತ ಕಿರಿದಾಗಿದ್ದರೆ ಒಳಗೆ ಗೋಡೆಗೆ ಹಿಡಿಕೆ ಹಾಕಿಸಲೇಬೇಕು. ಒದ್ದೆಯಾದರೆ ಜಾರುವ ನುಣುಪು ಕಲ್ಲಿನ ಮೇಲೆ ಒರಟು ಚಾಪೆ ಹಾಸಬೇಕು. ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಬೆಳಕಿರಬೇಕು.

ಇಳಿಜಾರು ದಾರಿಗೆ ಸಾಮಾನ್ಯವಾಗಿ ಬಳಸುವ ಅನುಪಾತ 1:12. 45 ಸೆಂ.ಮೀ. ಎತ್ತರದ ಜಗಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಅಷ್ಟು ಸ್ಥಳವಿಲ್ಲದ ಕಡೆ ಕಡಿದಾದ ಇಳಿಜಾರು ಕಟ್ಟುವುದು ಅಪಾಯಕರ. ಅದರ ಬದಲು 15 ಸೆಂ.ಮೀ. ಎತ್ತರದ ಮೂರು ಸಮ ಮೆಟ್ಟಿಲು ಹಾಗೂ ಗಟ್ಟಿಯಾದ ಕೈಹಿಡಿ ಸಾಕು.

ವೆಚ್ಚ ಮತ್ತು ಸರ್ಕಾರಿ ನೆರವು

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವು ದೊರೆಯುತ್ತದೆ. ಮೊದಲೇ ನಿಗದಿಪಡಿಸಿದ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತಮ್ಮ ರೋಗಿಯ ಚಿಕಿತ್ಸೆ ಯಾವ ಪ್ಯಾಕೇಜಿನಡಿ, ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆ ಎಂಬುದನ್ನು ಹಣ ಕಟ್ಟುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಆಧಾರ್ ಮತ್ತು ಪಡಿತರ ಚೀಟಿ ಕೈಯಲ್ಲಿರಬೇಕು. ಜಿಲ್ಲಾ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲದೆ, ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯೂ ಈ ಕ್ಷೇತ್ರದ ಸರ್ಕಾರಿ ಸಂಸ್ಥೆಯಾಗಿದೆ.

2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು 60 ವರ್ಷ ಮೀರಿದ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದ ಸಾಧನಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ನೀಡುತ್ತದೆ. ಆದರೆ ಶಿಬಿರ ನಡೆಯುವ ದಿನಕ್ಕೆ ಮೂಳೆ ಮುರಿದವರು ಕಾಯಲಾಗದು. ಆ ಅಂತರವನ್ನು ತುಂಬುವುದು ಸ್ಥಳೀಯ ಏರ್ಪಾಡು ಮಾತ್ರ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಒಂದು ವಾಕರ್, ಒಂದು ಕಮೋಡ್ ಕುರ್ಚಿ, ಒಂದು ಊರುಗೋಲು ಸೇರಿದ ಸಾಧನಗಳ ಕಟ್ಟನ್ನು ಒಂದು ಮನೆ ಬಳಸುವುದು ಸುಮಾರು ಮೂರು ತಿಂಗಳು. ಹಿಂದಿರುಗಿಸಿ ಸ್ವಚ್ಛಗೊಳಿಸಿದರೆ ಅದೇ ಕಟ್ಟು ವರ್ಷಕ್ಕೆ ನಾಲ್ಕು ಮನೆಗಳಿಗೆ ಸಲ್ಲುತ್ತದೆ. ಮೂರು ಕಟ್ಟುಗಳಿದ್ದರೆ ಹನ್ನೆರಡು ಮನೆಗಳಿಗೆ. ದಾನಿಗಳಿಂದ ಅಥವಾ ನಿಯಮಾನುಸಾರ ಠರಾವು ಮಾಡಿ ಸ್ವಂತ ಸಂಪನ್ಮೂಲದಿಂದ ಇವುಗಳನ್ನು ಪಡೆದು, ಪಂಚಾಯತಿ ಕಚೇರಿಯಲ್ಲಿ ವಹಿ ಇಟ್ಟು ಎರವಲು ಕೊಡುವ ವ್ಯವಸ್ಥೆಯನ್ನು ಸದಸ್ಯರು ಪರಿಶೀಲಿಸಬಹುದು. ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನವು ಪ್ರಮಾಣಪತ್ರ ಹೊಂದಿದ ಫಲಾನುಭವಿಗಳಿಗೆ ಸಂಬಂಧಿಸಿದ್ದು. ಮೂರು ತಿಂಗಳಲ್ಲಿ ಗುಣವಾಗುವವರನ್ನು ಅದರಡಿ ಸೇರಿಸಲಾಗದು. ಶಾಶ್ವತ ನ್ಯೂನತೆ ಉಳಿದವರಿಗೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬೇಕು.

ವಾರ್ಡ್ ಸಭೆಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗಳನ್ನು ಗುರುತಿಸುವುದು, ಸಾರ್ವಜನಿಕ ನಲ್ಲಿಯ ಸುತ್ತಲಿನ ಪಾಚಿಯನ್ನು ತೆಗೆಸುವುದು, ಮುರಿದ ಚರಂಡಿ ಚಪ್ಪಡಿಗಳನ್ನು ಬದಲಾಯಿಸುವುದು, ಕೆಟ್ಟ ಬೀದಿದೀಪವನ್ನು ದುರಸ್ತಿಪಡಿಸುವುದು ಇವು ಪಂಚಾಯತಿಯ ನಿತ್ಯದ ಕೆಲಸಗಳೇ. ಇವುಗಳಲ್ಲಿ ಪ್ರತಿಯೊಂದೂ ಯಾರೋ ಒಬ್ಬ ಹಿರಿಯರ ಬೀಳುವಿಕೆಯನ್ನು ತಪ್ಪಿಸಬಲ್ಲದು.

ಇವೆಲ್ಲಕ್ಕಿಂತ ಮೊದಲಿನ ಕೆಲಸಕ್ಕೆ ಅನುದಾನ ಬೇಕಿಲ್ಲ. ಹಿರಿಯರೊಬ್ಬರು ಬಿದ್ದ ಸುದ್ದಿ ತಿಳಿದ ದಿನ ಸದಸ್ಯರಾದವರು ಆ ಮನೆಗೆ ಹೋಗಿ, 'ಇನ್ನು ಇದ್ದಷ್ಟು ದಿನ' ಎಂಬ ಮಾತು ಅಲ್ಲಿ ನೆಲೆಗೊಳ್ಳುವ ಮುನ್ನವೇ, ಆಂಬ್ಯುಲೆನ್ಸ್ ಕರೆಸಬೇಕು. ಮೂರು ತಿಂಗಳ ಅನಂತರ ಆ ಹಿರಿಯರು ಕೋಲು ಊರಿಕೊಂಡು ತಾವಾಗಿಯೇ ಪಡಿತರ ಅಂಗಡಿಗೆ ಬರುವಂತಾದರೆ, ಬಿದ್ದವರೆಲ್ಲ ಹಾಸಿಗೆ ಹಿಡಿಯಲೇಬೇಕೆಂಬ ನಂಬಿಕೆ ಆ ಊರಿನಲ್ಲಿ ತಾನಾಗಿಯೇ ಸಡಿಲವಾಗುತ್ತದೆ.